ಮನೆಯಲ್ಲಿ ಮಾಸ್ಟರ್ 1 ದಾಟಲ್ಲ, ಪೆಂಡಾಲಲ್ಲಿ ಗಿಟಾರೇ ಕೇಳಲ್ಲ: ಆಂಪ್ ವಾಲ್ಯೂಮ್ ಹೇಗೆ ನಿಭಾಯಿಸ್ತೀರಿ?

ತಂತಿ ತಿಮ್ಮ

ನನ್ನ ಹತ್ರ 15 ವ್ಯಾಟಿನ ಟ್ಯೂಬ್ ಕಾಂಬೊ ಇದೆ, ಅಂದ್ರೆ ಗಿಟಾರ್ ಆಂಪೂ ಸ್ಪೀಕರೂ ಒಂದೇ ಪೆಟ್ಟಿಗೇಲಿ. ಎರಡು ಇಎಲ್84 ಪವರ್ ಟ್ಯೂಬು, 12 ಇಂಚಿನ ಒಂದು ಸ್ಪೀಕರ್, ಹಿಂದುಗಡೆ ಎಫೆಕ್ಟ್ಸ್ ಲೂಪ್ (ಆಂಪಿನ ಮೊದಲ ಹಂತವಾದ ಪ್ರಿಆಂಪಿಗೂ ಪವರ್ ಹಂತಕ್ಕೂ ನಡುವೆ ಪೆಡಲ್ ಚುಚ್ಚೋ ಜ್ಯಾಕುಗಳು). ತಗೊಳ್ಳುವಾಗ ಅಂಗಡಿಯವರು "ಹದಿನೈದೇ ವ್ಯಾಟಲ್ವಾ ಸಾರ್, ಮನೆಗೆ ಹೇಳಿ ಮಾಡಿಸಿದ್ದು" ಅಂದಿದ್ರು. ಇರೋದು ಬೆಂಗಳೂರಲ್ಲಿ ಅಪಾರ್ಟ್‌ಮೆಂಟಿನ ಮೂರನೇ ಮಹಡಿ, ಕೆಳಗಡೆ ಮನೇಲಿ ವಯಸ್ಸಾದ ದಂಪತಿ. ಒಟ್ಟು ಸದ್ದಿನ ಮಾಸ್ಟರ್ ನಾಬ್ ಸೊನ್ನೆಯಿಂದ ಒಂದಕ್ಕೆ ಹೋಗೋ ದಾರೀಲಿ ಕೂದಲೆಳೆಯಷ್ಟು ಜಾಗ ಇದೆ. ಅದರ ಆ ಕಡೆ ಸದ್ದೇ ಇಲ್ಲ, ಈ ಕಡೆ ಕಿಟಕಿ ಗಾಜು ಅದುರುತ್ತೆ.

ಗಣೇಶನ ಹಬ್ಬದ ಸೀಸನ್‌ನಲ್ಲಿ ಒಂದು ಆರ್ಕೆಸ್ಟ್ರಾ ಜೊತೆ ನುಡಿಸ್ತೀನಿ. ಅಲ್ಲಿ ಕಥೆ ಉಲ್ಟಾ. ಮನೇಲಿ ಚೆಂದ ಕೇಳ್ತಿದ್ದ ಟೋನು ಸ್ಟೇಜ್ ಮೇಲೆ ಮಾಯ. ಜಾಸ್ತಿ ಮಾಡಿದ್ರೆ ಸೌಂಡಿನವರು ಹೆಬ್ಬೆರಳು ಕೆಳಗೆ ತೋರಿಸ್ತಾರೆ, ಮುಂದಿನ ಸಾಲಿನವರು ಮುಖ ಸಿಂಡರಿಸ್ತಾರೆ, ನನಗೆ ಮಾತ್ರ ಆಗಲೂ ಕೇಳಲ್ಲ. ಸದ್ದು ಇಳಿಸೋ ಅಟೆನ್ಯುಯೇಟರ್ ಡಬ್ಬಿ ತಗೊಳ್ಳೋದಾ, ಇಲ್ಲ 5 ವ್ಯಾಟಿನ ಆಂಪ್‌ಗೆ ಬದಲಾಯಿಸೋದಾ?

ಸಾಲ್ಡರ್ ಸುಬ್ಬ

ಬದಲಾಯಿಸೋ ಮುಂಚೆ ಲೆಕ್ಕ ನೋಡಿ. ಆಂಪಿನ ವ್ಯಾಟನ್ನ ಎಲ್ಲರೂ ನೋಡ್ತಾರೆ, ಸ್ಪೀಕರಿನ ಸೆನ್ಸಿಟಿವಿಟಿ ಯಾರೂ ನೋಡಲ್ಲ. ಸೆಲೆಸ್ಟಿಯನ್ ಗ್ರೀನ್‌ಬ್ಯಾಕ್ ಅಂತ ಸ್ಪೀಕರಿಗೆ ಒಂದೇ ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದ್ರೆ 98 ಡೆಸಿಬಲ್. ವಿಂಟೇಜ್ 30 ಆದ್ರೆ 100. ಮೊದಲನೇ ವ್ಯಾಟಿಗೇ ಮನೆ ಕಿತ್ಕೊಂಡು ಹೋಗುತ್ತೆ ಅಂತಾಯ್ತು.

ಪವರ್ ಎರಡರಷ್ಟು ಮಾಡಿದ್ರೆ ಏರೋದು 3 ಡಿಬಿ. ಕಿವಿಗೆ "ಇದು ಎರಡರಷ್ಟು ಜೋರು" ಅನ್ನಿಸ್ಬೇಕಂದ್ರೆ ಸುಮಾರು 10 ಡಿಬಿ ಬೇಕು, ಅಂದ್ರೆ ಹತ್ತರಷ್ಟು ಪವರ್. ನಿಮ್ಮ 15 ವ್ಯಾಟ್ ಪೂರ್ತಿ ಬಿಟ್ರೆ ಹತ್ತಿರ ಹತ್ತಿರ 110 ಡಿಬಿ, 5 ವ್ಯಾಟಿನದು 105. ಹೊಸ ಆಂಪಿಗೆ ದುಡ್ಡು ಸುರಿದು ಸಿಗೋದು ಆ 5 ಡಿಬಿ. ಕೆಳಗಿನ ಮನೆಯವರಿಗೆ ಗೊತ್ತೂ ಆಗಲ್ಲ.

ಮನೇಲಿ ನಿಮಗೆ ಬೇಕಾಗಿರೋದು ಜೋರಾಗಿ ಹಾಕಿದ ಟಿವಿ ಮಟ್ಟ, 75 ಡಿಬಿ ಅಂತಿಟ್ಕೊಳ್ಳಿ. ಅದೇ ಸ್ಪೀಕರಿನಲ್ಲಿ ಅದಕ್ಕೆ ಸಾಕಾಗೋದು 5 ಮಿಲಿವ್ಯಾಟ್. ವ್ಯಾಟಲ್ಲ, ಮಿಲಿವ್ಯಾಟ್. 15 ವ್ಯಾಟ್ ಕೊಡೋಕೆ ಕಟ್ಟಿರೋ ಪೆಟ್ಟಿಗೇಲಿ 5 ಮಿಲಿವ್ಯಾಟ್ ಹುಡುಕ್ತಾ ಇದೀರ, ನಾಬಲ್ಲಿ ಜಾಗ ಎಲ್ಲಿ ಸಿಗುತ್ತೆ?

ಪೆಡಲ್ ಪಾಪಣ್ಣ

ಮಾರಿಬಿಡು ಗುರು. ಯಮಹಾ ಟಿಎಚ್‌ಆರ್ ಥರದ್ದೊಂದು ಮೇಜಿನ ಮೇಲೆ ಇಟ್ಕೋ, ಇಲ್ಲಾ ಬಾಸ್ ಕಟಾನಾ 50 ತಗೊಂಡು ಅರ್ಧ ವ್ಯಾಟಿನ ಸೆಟ್ಟಿಂಗಲ್ಲಿ ಹಾಕ್ಕೋ. ರಾತ್ರಿ ಹೆಡ್‌ಫೋನ್. ಕಥೆ ಮುಗೀತು. ಟ್ಯೂಬು ಗೀಬು ಅಂತ ಅಪಾರ್ಟ್‌ಮೆಂಟಲ್ಲಿ ಯಾಕೆ ಒದ್ದಾಟ.

ತಂತಿ ತಿಮ್ಮ

ಪಾಪಣ್ಣ, ಹೆಡ್‌ಫೋನ್ ಹಾಕಿಯೂ ನೋಡಿದೀನಿ. ಎಡಗೈ ಅಭ್ಯಾಸಕ್ಕೆ ಸರಿ. ಆದ್ರೆ ನೋಟು ಹಿಡಿದಾಗ ಸ್ಪೀಕರಿನ ಗಾಳಿ ಗಿಟಾರಿಗೆ ವಾಪಸ್ ತಾಗಿ ತಂತಿ ಹಾಡೋದಿದೆಯಲ್ಲ, ಅದು ಅಲ್ಲಿ ಸಿಗಲ್ಲ. ಆಂಪ್ ಮಾರಲ್ಲ. ಸುಬ್ಬಣ್ಣ, ಅಟೆನ್ಯುಯೇಟರ್ ಬಗ್ಗೆ ಹೇಳಿ.

ಸಾಲ್ಡರ್ ಸುಬ್ಬ

ಅಟೆನ್ಯುಯೇಟರ್ ಕೂರೋದು ಆಂಪಿಗೂ ಸ್ಪೀಕರಿಗೂ ನಡುವೆ. ಪವರ್ ಟ್ಯೂಬುಗಳು ಪೂರ್ತಿ ದುಡೀತವೆ, ಹೊರಗೆ ಬಂದಿದ್ದರಲ್ಲಿ ಬಹುಪಾಲು ಈ ಡಬ್ಬಿಯೊಳಗೆ ಬಿಸಿಯಾಗಿ ಹೋಗುತ್ತೆ, ಉಳಿದ ಚೂರು ಸ್ಪೀಕರಿಗೆ. ಒಳ್ಳೆ ವಿಚಾರವೇ. ಆದ್ರೆ ಮತ್ತೆ ಲೆಕ್ಕಕ್ಕೆ ಬನ್ನಿ: 110ರಿಂದ 75ಕ್ಕೆ ಇಳಿಬೇಕಂದ್ರೆ 35 ಡಿಬಿ ಕತ್ತರಿಸ್ಬೇಕು. 20 ಡಿಬಿ ಇಳಿಸಿದ್ರೂ ಪೂರ್ತಿ ಬಿಟ್ಟಿರೋ ಆಂಪು 90ರಲ್ಲಿ ಕೂತಿರುತ್ತೆ, ಅಪಾರ್ಟ್‌ಮೆಂಟಿಗೆ ಅದೂ ಗಲಾಟೆನೇ. ಅಷ್ಟು ಕತ್ತರಿಸಿದ ಮೇಲೆ ಸಾದಾ ರೆಸಿಸ್ಟರಿನ ಡಬ್ಬಿಗಳಲ್ಲಿ ಟೋನು ಕಂಬಳಿ ಹೊದ್ದ ಹಾಗಾಗುತ್ತೆ. ನಿಜ ಸ್ಪೀಕರಿನ ಹಾಗೆ ವರ್ತಿಸೋ ರಿಯಾಕ್ಟಿವ್ ಲೋಡ್ ಇರೋವು ಮೇಲು, ಬೆಲೆನೂ ಮೇಲು.

ತಗೊಂಡ್ರೆ ಮೂರು ವಿಷಯ. ಆಂಪಿನ ಔಟ್‌ಪುಟ್ 8 ಓಮ್ ಆದ್ರೆ ಅಟೆನ್ಯುಯೇಟರೂ 8 ಓಮಿನದ್ದೇ ಆಗಿರಲಿ. ನಡುವೆ ಸ್ಪೀಕರ್ ಕೇಬಲ್ ಹಾಕಿ, ಗಿಟಾರ್ ಕೇಬಲ್ ಅಲ್ಲ. ನೋಡೋಕೆ ಎರಡೂ ಒಂದೇ ಥರ, ಒಳಗಿನ ತಾಮ್ರ ಬೇರೆ. ಸ್ಪೀಕರಾಗಲಿ ಲೋಡಾಗಲಿ ಇಲ್ಲದೆ ಟ್ಯೂಬ್ ಆಂಪ್ ನುಡಿಸಲೇಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋದ ಆಂಪುಗಳು ನನ್ನ ಮೇಜಿಗೆ ಬರ್ತಾನೇ ಇರ್ತವೆ. ಇನ್ನೊಂದು, ಆಂಪನ್ನ ಸದಾ ಪೂರ್ತಿ ಬಿಟ್ಟು ಅಟೆನ್ಯುಯೇಟರಲ್ಲಿ ಇಳಿಸ್ತಾ ಇದ್ರೆ ಇಎಲ್84 ಬೇಗ ಸವೀತವೆ. ಅವು ಮೊದಲೇ ಬಿಸಿ ಜಾತಿ.

ನಿಮ್ಮ ಈಗಿನ ಸಂಕಟಕ್ಕೆ ಅಷ್ಟು ದೂರ ಹೋಗೋದೇ ಬೇಡ. ಎಫೆಕ್ಟ್ಸ್ ಲೂಪ್ ಇದೆ ಅಂದ್ರಲ್ಲ, ಸೆಂಡಿಗೂ ರಿಟರ್ನಿಗೂ ನಡುವೆ ಒಂದು ವಾಲ್ಯೂಮ್ ಡಬ್ಬಿ ಹಾಕಿ. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡೀಲಿ ಒಂದು ಎ100ಕೆ ಪಾಟ್ (ನಾಬಿನ ರೆಸಿಸ್ಟರ್), ಎರಡು ಜ್ಯಾಕ್, ಒಂದು ಅಲ್ಯೂಮಿನಿಯಂ ಡಬ್ಬಿ ತಗೊಳ್ಳಿ. ಪಾಟಿನ ಒಂದು ತುದಿ ಕಾಲಿಗೆ ಸೆಂಡು, ನಡುಗಾಲಿನಿಂದ ರಿಟರ್ನಿಗೆ, ಇನ್ನೊಂದು ತುದಿ ಗ್ರೌಂಡಿಗೆ. ಎ ಅಂತ ಇದ್ರೆ ಲಾಗ್ ಟೇಪರ್, ಕಿವಿಗೆ ಸಮನಾಗಿ ಏರೋದು; ಬಿ ಅಂದ್ರೆ ಲೀನಿಯರ್. ಬಿ ಹಾಕಿದ್ರೆ ಆ ಕೂದಲೆಳೆ ತಿರುಗಿ ಬರುತ್ತೆ. ಲೀನಿಯರ್ ಪಾಟಲ್ಲಿ ಕಿವಿಗೆ ಮೊದಲ ಕಾಲು ಸುತ್ತಲ್ಲೇ ಎಲ್ಲ ಆಗಿಹೋಗಿರುತ್ತೆ. ಕೇಬಲ್ ಗಿಡ್ಡವಿರಲಿ, ಉದ್ದವಾದ್ರೆ ಟ್ರೆಬಲ್ ಸೋರುತ್ತೆ. ಲೂಪು ಸೀರಿಸ್ ಆಗಿರ್ಬೇಕು, ಅಂದ್ರೆ ಸಿಗ್ನಲ್ ಪೂರ್ತಿ ಅದರ ಮೂಲಕವೇ ಹೋಗ್ಬೇಕು. ಪ್ಯಾರಲಲ್ ಆದ್ರೆ ಡಬ್ಬಿ ಪೂರ್ತಿ ಮುಚ್ಚಿದ್ರೂ ಪಕ್ಕದ ದಾರೀಲಿ ಸದ್ದು ಬರ್ತಾನೇ ಇರುತ್ತೆ.

ಇದರಿಂದ ಪವರ್ ಟ್ಯೂಬಿನ ಗೊರಗು (ಡಿಸ್ಟಾರ್ಶನ್) ಬರಲ್ಲ, ಪ್ರಿಆಂಪಿನ ಗೊರಗಷ್ಟೇ. ಆದ್ರೆ ಮಾಸ್ಟರ್ ನಾಬು ತಿರುಗಿಸೋಕೆ ಜಾಗ ಸಿಗುತ್ತೆ.

ಮೊಸರನ್ನ ಮೆಟಲ್

ಕೋಣೆ ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದ್ರೆ ಹೊರಗೆ ಹೋಗಲ್ವಂತೆ, ನಿಜಾನಾ? ಹಾಸ್ಟೆಲಲ್ಲಿ ಒಬ್ರು ಮಾಡಿದ್ರು.

ಸಾಲ್ಡರ್ ಸುಬ್ಬ

ಆ ಟ್ರೇಗಳಲ್ಲಿ ಮೊಟ್ಟೆ ಇಡಿ. ಕೋಣೆಯೊಳಗಿನ ಟ್ರೆಬಲ್ ಪ್ರತಿಧ್ವನಿ ಒಂಚೂರು ಕಮ್ಮಿಯಾಗುತ್ತೆ ಅಷ್ಟೆ. ಸದ್ದು ತಡೆಯೋದು ತೂಕ ಮತ್ತು ಸಂದಿಯಿಲ್ಲದಿರೋದು. ಬಾಗಿಲ ಕೆಳಗಿನ ಸಂದಿ ಮುಚ್ಚಿದ್ರೇ ಟ್ರೇಗಿಂತ ಜಾಸ್ತಿ ಪ್ರಯೋಜನ.

ಕೆಳಗಿನ ಮನೆಗೆ ಇಳಿಯೋದು ಬಹುತೇಕ ಬೇಸು. ಕಾಂಬೊ ನೆಲದ ಮೇಲಿದ್ರೆ ಪೆಟ್ಟಿಗೆಯ ಅದುರು ನೇರ ಸ್ಲ್ಯಾಬಿಗೆ ಹೋಗುತ್ತೆ. ಕುರ್ಚಿ ಮೇಲೆ ದಪ್ಪ ಫೋಮ್ ಹಾಸಿ ಕೂರಿಸಿ. ಮೂಲೆಯಿಂದ ಆಚೆ ತನ್ನಿ, ಮೂಲೇಲಿ ಬೇಸು ತಾನೇ ಉಬ್ಬುತ್ತೆ. ಬೇಸ್ ನಾಬ್ ಇಳಿಸಿ. ಕಿವಿ ಮಟ್ಟಕ್ಕೆ ಆಂಪ್ ಬಂದ್ರೆ ವಾಲ್ಯೂಮೂ ತಾನಾಗೇ ಇಳಿಸ್ತೀರ. ಕಾಲಬುಡದಲ್ಲಿದ್ದಾಗ ನಿಮ್ಮ ಮೊಣಕಾಲಿಗೆ ನುಡಿಸ್ತಾ ಇದ್ರಿ.

ಲಾ ಪಾಯಿಂಟ್ ಲಕ್ಕಣ್ಣ

ಕಾನೂನಿನ ಮಾತು ಯಾರೂ ಎತ್ತಿಲ್ಲ ಅಂತ ಹೇಳ್ತಿದೀನಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55 ಡಿಬಿ, ರಾತ್ರಿ 45. ರಾತ್ರಿ ಅಂದ್ರೆ 10ರಿಂದ ಬೆಳಗ್ಗೆ 6. "ಹಗಲು ಎಷ್ಟು ಬೇಕಾದ್ರೂ ಹೊಡೀಬಹುದು" ಅನ್ನೋರು ಈ 55 ನೋಡಲ್ಲ. ಖಾಸಗಿ ಜಾಗದಲ್ಲಿ ನುಡಿಸಿದ್ರೆ ಅದರ ಗಡಿಯಲ್ಲಿ ಆ ಮಿತಿಗಿಂತ 5 ಡಿಬಿ ಮೀರುವಂತಿಲ್ಲ. ಪೆಂಡಾಲಿನ ಧ್ವನಿವರ್ಧಕಕ್ಕೂ ರಾತ್ರಿ 10ರ ಗೆರೆ ಇದೆ. ಹಬ್ಬಹರಿದಿನಕ್ಕೆ ಅಂತ ವರ್ಷದಲ್ಲಿ 15 ದಿನ ಮೀರದ ಹಾಗೆ 12ರವರೆಗೆ ಬಿಡೋ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ತಾನೇ ತಾನಾಗಿ ಸಿಗೋ ಹಕ್ಕಲ್ಲ ಅದು.

ಕಾನೂನು ಆಮೇಲೆ, ಮೊದಲು ಕೆಳಗಿನ ಮನೆ ಅಜ್ಜಿಗೆ ಹೋಗಿ ಕೇಳಿ: "ಯಾವಾಗ ಮಲಗ್ತೀರಮ್ಮ?" ಮಧ್ಯಾಹ್ನದ ನಿದ್ದೆ ಬಿಟ್ಟು ಸಂಜೆ ನುಡಿಸಿದ್ರೆ ಅರ್ಧ ಜಗಳ ಇರಲ್ಲ.

ಧಾರವಾಡದ ಫ್ರೆಟ್

ಅಣ್ಣಾರ, ಎಲ್ಲಾರೂ ಮನಿ ಕಡೆನ ಮಾತಾಡಾಕತ್ತೀರಿ, ಸ್ಟೇಜಿಂದು ಯಾರೂ ಮುಟ್ಟಿಲ್ಲ ನೋಡ್ರಿ. ಮನ್ಯಾಗ ಚಂದ ಕೇಳಿದ್ದು ಅಲ್ಲಿ ಯಾಕ ಕೆಡ್ತೈತಿ ಅಂದ್ರ, ಸದ್ದು ಸಣ್ಣದಿದ್ದಾಗ ನಮ್ಮ ಕಿವಿಗೆ ಬೇಸು, ಟ್ರೆಬಲ್ಲು ಎರಡೂ ಕಮ್ಮಿ ಕೇಳ್ತಾವು. ಫ್ಲೆಚರ್ ಮತ್ತ ಮನ್ಸನ್ ಅಂತ ಇಬ್ರು 1933ರಾಗನ ಇದನ್ನ ಅಳದು ಗೆರಿ ಎಳದು ತೋರಿಸ್ಯಾರ. ಅದಕ್ಕ ನಾವು ಮನ್ಯಾಗ ಕುಂತು ಬೇಸ್ 7, ಟ್ರೆಬಲ್ 7, ಮಿಡ್ 2 ಇಡ್ತೀವಿ. ಅದ ಸೆಟ್ಟಿಂಗ್ ಸ್ಟೇಜಿಗೆ ಒಯ್ದು ವಾಲ್ಯೂಮ್ ಏರಿಸಿದ್ರ ಬೇಸು ಗುಂಯ್ ಅಂತೈತಿ, ಟ್ರೆಬಲ್ಲು ಕಿವಿಗೆ ಚುಚ್ಚತೈತಿ, ನಡುವ ಗಿಟಾರ್ ಇರೋ ಜಾಗಾನ ಖಾಲಿ. ಬೇಸ್ ಗಿಟಾರು ಕೆಳಗಿಂದು ತುಂಬತಾನ, ಕೀಬೋರ್ಡು ಮತ್ತ ಸಿಂಬಲ್ ಮ್ಯಾಲಿಂದು ತುಂಬತಾವು. ನಿಮಗ ಉಳಿಯೂದು ನಡುವಿಂದು, ಅದನ್ನ ನೀವ ಕಡದ ಒಗದೀರಿ!

ಹಂಗಾಗಿ ಮನಿ ಸೆಟ್ಟಿಂಗು ಬ್ಯಾರೆ, ಸ್ಟೇಜ್ ಸೆಟ್ಟಿಂಗು ಬ್ಯಾರೆ ಇಟ್ಕೋರಿ. ಸ್ಟೇಜಿಗೆ ಬೇಸ್ ಇಳಸ್ರಿ, ಮಿಡ್ ಅರ್ಧಕ್ಕಿಂತ ಮ್ಯಾಲ ಇಡ್ರಿ, ಗೇನ್ (ಗೊರಗಿನ ನಾಬು) ಒಂಚೂರು ಕಡಿಮಿ ಮಾಡ್ರಿ. ಒಬ್ರ ಕುಂತು ಕೇಳಿದ್ರ ಅದು ಮೂಗಿನ್ಯಾಗ ಹಾಡಿದಂಗ ಅನಸ್ತೈತಿ. ಬ್ಯಾಂಡ್ ಜೊತಿ ಕೇಳ್ರಿ, ಆಮ್ಯಾಲ ಹೇಳ್ರಿ. ಬಹಳಷ್ಟು ಸಲ ವಾಲ್ಯೂಮ್ ಏರಸೂದ ಬ್ಯಾಡ.

ಪೆಡಲ್ ಪಾಪಣ್ಣ

ಧಾರವಾಡದವರು ಹೇಳಿದ್ದು ನೂರಕ್ಕೆ ನೂರು. ಹೆಡ್‌ಫೋನಲ್ಲಿ ಮಾಡಿದ ಪ್ಯಾಚುಗಳೂ (ಉಳಿಸಿಟ್ಟ ಟೋನ್ ಸೆಟ್ಟಿಂಗುಗಳು) ಹಾಗೇ. ಒಂದು ಸಲ ಜ್ಯಾಮ್ ರೂಮ್ ಬಾಡಿಗೆಗೆ ಹಿಡಿದು ಬ್ಯಾಂಡ್ ವಾಲ್ಯೂಮಲ್ಲಿ ಪ್ಯಾಚು ಮಾಡ್ಕೊಂಡ್ರೆ ಆ ಕಾಟ ತಪ್ಪುತ್ತೆ.

ಮಿಕ್ಸರ್ ಮಾವ

ನಾನು ಬೆರಳು ಕೆಳಗೆ ತೋರಿಸೋ ಜಾತಿಯವನು. ಕನ್ಸೋಲ್ ಹಿಂದೆ ನಿಂತು ನೋಡಿದ್ರೆ ಏನು ಕಾಣುತ್ತೆ ಅಂತ ಹೇಳ್ತೀನಿ.

12 ಇಂಚಿನ ಸ್ಪೀಕರಿನಿಂದ ಬೇಸು ಎಲ್ಲ ಕಡೆ ಹರಡುತ್ತೆ, ಟ್ರೆಬಲ್ಲು ಮಾತ್ರ ಟಾರ್ಚಿನ ಬೆಳಕಿನ ಹಾಗೆ ನೇರ ಮುಂದಕ್ಕೆ ಹೋಗುತ್ತೆ. ಆಂಪ್ ನಿಮ್ಮ ಬೆನ್ನ ಹಿಂದೆ ನೆಲದ ಮೇಲಿದೆ. ಆ ಟಾರ್ಚು ನಿಮ್ಮ ಕಾಲು ದಾಟಿ ಮುಂದಿನ ಸಾಲಿನವರ ಮುಖಕ್ಕೆ ಬೀಳ್ತಿದೆ. ನಿಮ್ಮ ಕಿವಿಗೆ ಮಂಕು ಸದ್ದು, ಅವರ ಕಿವಿಗೆ ಸೂಜಿ. ಟ್ರೆಬಲ್ ಸಾಲ್ದು ಅಂತ ನೀವು ಏರಿಸ್ತೀರ, ಅವರು ಎದ್ದು ಹೋಗ್ತಾರೆ. ಆಂಪನ್ನ ಸ್ಟೇಜಿನ ಪಕ್ಕಕ್ಕೆ ಇಟ್ಟು ಅಡ್ಡಕ್ಕೆ ತಿರುಗಿಸಿ, ಹಿಂದಕ್ಕೆ ವಾಲಿಸಿ ನಿಮ್ಮ ತಲೆಗೆ ಗುರಿ ಇಡಿ. ಒಂದು ಇಟ್ಟಿಗೆ ಸಾಕು. ಇಷ್ಟು ಮಾಡಿದ ಗಿಟಾರಿಸ್ಟುಗಳು ಯಾರೂ ಹೇಳದೇನೇ ನಾಬು ಇಳಿಸಿರೋದನ್ನ ನೋಡಿದೀನಿ.

ಸ್ಟೇಜ್ ಮೇಲೆ ನೀವು ಏರಿಸಿದ್ದನ್ನ ನಾನು ಇಳಿಸೋಕಾಗಲ್ಲ. ನನ್ನ ಫೇಡರು ಸೊನ್ನೆಗೆ ಎಳೆದ್ರೂ ನಿಮ್ಮ ಆಂಪು ಗಾಯಕಿಯ ಮೈಕಿನೊಳಗೆ ನುಗ್ಗಿರುತ್ತೆ. ಅವರ ದನಿ ಏರಿಸಿದ್ರೆ ಅದರ ಜೊತೆ ನಿಮ್ಮ ಗಿಟಾರೂ ಏರುತ್ತೆ. ಆಮೇಲೆ ಅವರಿಗೆ ಸ್ಟೇಜಿನ ಮಾನಿಟರ್ ಸ್ಪೀಕರಲ್ಲಿ ತಮ್ಮ ದನಿ ಕೇಳಲ್ಲ, ಮಾನಿಟರ್ ಏರಿಸಿದ್ರೆ ಕೂಂಯ್ ಅಂತ ಫೀಡ್‌ಬ್ಯಾಕು. ಕಮಿಟಿಯವರು ಬಂದು ಬೈಯೋದು ನನಗೆ.

ಹಳೇ ಕಾಲದಲ್ಲಿ ದೊಡ್ಡ ಆಂಪು ಬೇಕಿತ್ತು, ಒಪ್ತೀನಿ. 1965ರಲ್ಲಿ ದಿ ಹೂ ಬ್ಯಾಂಡಿನ ಗಿಟಾರಿಸ್ಟ್ ಪೀಟ್ ಟೌನ್‌ಶೆಂಡ್ ಜೋರು ಬೇಕು ಅಂತ ಪಟ್ಟು ಹಿಡಿದು ಆಂಪ್ ತಯಾರಿಸ್ತಿದ್ದ ಜಿಮ್ ಮಾರ್ಷಲ್ ಹತ್ರ 100 ವ್ಯಾಟಿನದ್ದು ಮಾಡಿಸ್ಕೊಂಡಾಗ ಪಿಎ (ಸಭಿಕರಿಗೆ ಕೇಳಿಸೋ ಧ್ವನಿವರ್ಧಕ) ಅಂದ್ರೆ ಹಾಡೋರಿಗಷ್ಟೆ. ಗಿಟಾರು ಸಭಿಕರಿಗೆ ಮುಟ್ಟಬೇಕಾದ್ರೆ ಆಂಪೇ ಕೂಗ್ಬೇಕಿತ್ತು. ಈಗ ಮುಂದೆ ಮೈಕ್ ಇಟ್ಟರೆ ಮಿಕ್ಕಿದ್ದು ನನ್ನ ಕೆಲಸ. ಕಿವಿ ಹಾಳಾದ ವಿಷಯ ಟೌನ್‌ಶೆಂಡ್ ಅವರೇ ಬಹಿರಂಗವಾಗಿ ಹೇಳ್ಕೊಂಡಿದಾರೆ.

ತಿಮ್ಮ, ನಿಮ್ಮ ಆರ್ಕೆಸ್ಟ್ರಾದಲ್ಲಿ ಡ್ರಮ್ ಕಿಟ್ ಇದೆಯಾ, ಎಲೆಕ್ಟ್ರಾನಿಕ್ ಪ್ಯಾಡಾ?

ತಂತಿ ತಿಮ್ಮ

ಆಕ್ಟಾಪ್ಯಾಡ್ ಮಾವ. ಜೊತೆಗೆ ಎರಡು ಕೀಬೋರ್ಡ್, ತಬಲಾ-ಢೋಲಕ್, ಬೇಸ್ ಗಿಟಾರ್ ನೇರ ಮಿಕ್ಸರಿಗೆ.

ಮಿಕ್ಸರ್ ಮಾವ

ನೋಡಿ, ಗಂಟು ಅಲ್ಲೇ ಇದೆ. ಪ್ಯಾಡು, ಕೀಬೋರ್ಡು, ಬೇಸು ಎಲ್ಲಾ ತಂತಿಯಲ್ಲಿ ನನ್ನ ಹತ್ರ ಬರ್ತವೆ. ತಬಲಾಗೆ ಮೈಕಿದೆ, ಅದರ ಸದ್ದು ದೊಡ್ಡದಲ್ಲ. ಮಾನಿಟರ್ ಬಿಟ್ರೆ ಆ ಸ್ಟೇಜಲ್ಲಿ ತಾನೇ ಕೂಗ್ತಿರೋ ಪೆಟ್ಟಿಗೆ ನಿಮ್ಮದೊಂದೇ. ರಾಕ್ ಬ್ಯಾಂಡಲ್ಲಿ ಡ್ರಮ್ಮಿನವರು ನೂರು ಡಿಬಿ ದಾಟಿಸಿ ಬಾರಿಸ್ತಿರ್ತಾರೆ, ಅಲ್ಲಿ 15 ವ್ಯಾಟು ಮರ್ಯಾದಸ್ಥ. ನಿಮ್ಮಲ್ಲಿ ಅದೇ ಆಂಪು ರೌಡಿ.

ಆರ್ಕೆಸ್ಟ್ರಾಕ್ಕೆ ಆಂಪ್ ತರಲೇಬೇಡಿ ಅಂತೀನಿ. ಕ್ಯಾಬ್ ಸಿಮ್ಯುಲೇಶನ್ (ಗಿಟಾರ್ ಸ್ಪೀಕರ್ ಪೆಟ್ಟಿಗೆಯ ಅನುಕರಣೆ) ಇರೋ ಒಂದು ಸಣ್ಣ ಮಲ್ಟಿ ಎಫೆಕ್ಟ್ಸ್ ತಂದು, ಮಿಕ್ಸರಿಗೆ ನೇರ ಸೇರಿಸೋ ಡಿಐ ಬಾಕ್ಸ್‌ಗೆ ಕೊಡಿ. ಕ್ಯಾಬ್ ಸಿಮ್ ಮರೀಬೇಡಿ. ಗಿಟಾರ್ ಸ್ಪೀಕರು 5 ಕಿಲೋಹರ್ಟ್ಜ್ ಮೇಲಿನದನ್ನ ಹೆಚ್ಚುಕಮ್ಮಿ ನುಂಗಿಬಿಡುತ್ತೆ, ಪಿಎ ನುಂಗಲ್ಲ. ಡಿಸ್ಟಾರ್ಶನ್ ಪೆಡಲನ್ನ ಹಾಗೇ ಮಿಕ್ಸರಿಗೆ ಚುಚ್ಚಿದ್ರೆ ಬರೋ ಆ ಜುಂಯ್‌ಗುಟ್ಟೋ ಸದ್ದು ಅದರದ್ದೇ.

ತಂತಿ ತಿಮ್ಮ

ಇದು ಮನಸ್ಸಿಗೆ ಹಿಡಿಸಲಿಲ್ಲ, ಆದ್ರೆ ತಲೆಗೆ ಹೋಯ್ತು. ಸೋಲೋ ಬಂದಾಗ ಮಾತ್ರ ಏನು ಮಾಡ್ಲಿ? ಬೂಸ್ಟರ್ ಪೆಡಲ್ ಇದೆ, ಒತ್ತಿದ್ರೆ ಗೊರಗು ಜಾಸ್ತಿಯಾಗುತ್ತೆ, ಸದ್ದು ಏರಲ್ಲ.

ಸಾಲ್ಡರ್ ಸುಬ್ಬ

ಅದನ್ನ ಗಿಟಾರಿಗೂ ಆಂಪಿಗೂ ನಡುವೆ ಇಟ್ಟಿರ್ತೀರ. ಪ್ರಿಆಂಪ್ ಆಗಲೇ ತುಂಬಿ ತುಳುಕ್ತಿದೆ, ಇನ್ನಷ್ಟು ಸುರಿದ್ರೆ ತುಳುಕೋದು ಜಾಸ್ತಿಯಾಗುತ್ತೆ, ಮಟ್ಟ ಏರಲ್ಲ. ಬೂಸ್ಟರನ್ನ ಲೂಪಿಗೆ ಹಾಕಿ, 4 ಡಿಬಿ ಸಾಕು. ಮಲ್ಟಿ ಎಫೆಕ್ಟ್ಸ್ ಆದ್ರೆ ಡ್ರೈವ್, ಆಂಪ್ ಬ್ಲಾಕುಗಳು ಮುಗಿದ ಮೇಲೆ ವಾಲ್ಯೂಮ್ ಬ್ಲಾಕ್ ಇಡಿ. ಇಕ್ಯೂ (ಈಕ್ವಲೈಜರ್) ಪೆಡಲ್ ಇದ್ರೆ 800 ಹರ್ಟ್ಜ್ ಆಸುಪಾಸು ಒಂಚೂರು ಎತ್ತಿ, ಇನ್ನೂ ಚೆನ್ನಾಗಿ ಮುಂದೆ ಬರುತ್ತೆ.

ಗಿಟಾರಿನ ನಾಬೂ ಇದೆ. ರಿದಮ್ 7ರಲ್ಲಿ, ಸೋಲೋ 10ರಲ್ಲಿ. ಇದು ಕ್ಲೀನಿಗೆ, ಅರೆಗೊರಗಿಗೆ ಸೈ. ಗೇನ್ ವಿಪರೀತ ಇದ್ರೆ ನಾಬು ಇಳಿಸಿದಾಗ ಗೊರಗಷ್ಟೇ ಇಳಿಯುತ್ತೆ. ಇಳಿಸಿದ್ರೆ ಟೋನು ಮಂಕಾಗುತ್ತೆ ಅಂದ್ರೆ ವಾಲ್ಯೂಮ್ ಪಾಟಿಗೆ 1000 ಪಿಎಫ್ ಕೆಪಾಸಿಟರ್ ಜೊತೆ 150ಕೆ ರೆಸಿಸ್ಟರ್ ಪ್ಯಾರಲಲ್ಲಾಗಿ ಬೆಸೆಯಿರಿ. ಚಿಲ್ಲರೆ ಕಾಸಿನ ಕೆಲಸ.

ಕುಡ್ಲದ ಬೇಸ್

ನಮ್ಮಲ್ಲಿ ಮದುವೆ ಹಾಲಿನಲ್ಲಿ ಲೈವ್ ಬ್ಯಾಂಡ್ ಉಂಟಲ್ಲ, ಅದರದ್ದು ಬೇರೆಯೇ ಕಥೆ ಮಾರಾಯ್ರೆ. ನಿಜವಾದ ಡ್ರಮ್ ಕಿಟ್, ಗ್ರಾನೈಟ್ ನೆಲ, ಗಾಜಿನ ಕಿಟಕಿ, ಖಾಲಿ ಹಾಲಿನಲ್ಲಿ ಸೌಂಡ್ ಚೆಕ್. ಜನ ಬಂದು ಕೂತ ಮೇಲೆ ಸದ್ದು ಅರ್ಧ ನುಂಗಿ ಹೋಗ್ತದೆ. ಅಷ್ಟಕ್ಕೇ ಹೆದರಿ ಎಲ್ಲರೂ ಏರಿಸ್ಲಿಕ್ಕೆ ಸುರು. ನಾವು ಮಾಡುದು ಎಂತ ಅಂದ್ರೆ, ಡ್ರಮ್ಮರೇ ಅಳತೆಗೋಲು. ಅತಿ ಜೋರಿನ ಹಾಡು ಅವರು ಒಬ್ಬರೇ ಬಾರಿಸ್ಬೇಕು, ಗಿಟಾರ್ ಅದರ ಕೆಳಗೆ ಕೂತುಕೊಳ್ಬೇಕು, ಆಮೇಲೆ ನಾಬ್ ಯಾರೂ ಮುಟ್ಟುವ ಹಾಗಿಲ್ಲ. ಅವರ ಸದ್ದೇ ಜಾಸ್ತಿ ಆದರೆ ದಪ್ಪ ಕೋಲು ಬಿಟ್ಟು ಕಡ್ಡಿ ಕಟ್ಟಿನ ರಾಡ್ ಕೊಡುದು.

ಮತ್ತೆ ಕಿವಿಗೆ ಇಯರ್‌ಪ್ಲಗ್. 85 ಡಿಬಿಯಲ್ಲಿ 8 ಗಂಟೆ ಇರಬಹುದು ಅಂತ ಕೆಲಸದ ಜಾಗದ ಆರೋಗ್ಯ ನೋಡುವ ಅಮೆರಿಕದ ನಯೋಷ್ ಸಂಸ್ಥೆಯ ಲೆಕ್ಕ. ಪ್ರತಿ 3 ಡಿಬಿಗೆ ಆ ಹೊತ್ತು ಅರ್ಧ ಆಗ್ತದೆ. ನೂರಕ್ಕೆ ಬರುವಾಗ 15 ನಿಮಿಷ. ನಮ್ಮ ರಿಸೆಪ್ಶನ್ ಎಷ್ಟು ಗಂಟೆ ನಡೀತದೆ ಅಂತ ನಿಮಗೇ ಗೊತ್ತುಂಟು. ಹತ್ತಿ ತುರುಕಬೇಡಿ, ಅದು ಟ್ರೆಬಲ್ ಮಾತ್ರ ತಿಂತದೆ, ನೀವು ಇನ್ನೂ ಏರಿಸ್ತೀರಿ. ಸಂಗೀತಗಾರರಿಗೇ ಮಾಡಿದ ಪ್ಲಗ್ ಸಿಗ್ತದೆ.

ಮೊಸರನ್ನ ಮೆಟಲ್

ಜ್ಯಾಮ್ ರೂಮಲ್ಲಿ ರೋಲ್ಯಾಂಡ್ ಜೆಸಿ-120 ಕೊಡ್ತಾರೆ. ನನ್ನ ಪೆಡಲ್ ಹಾಕಿದ್ರೆ ಕಿವಿ ಸೀಳುತ್ತೆ. ಏನು ಮಾಡೋದು?

ಪೆಡಲ್ ಪಾಪಣ್ಣ

ಬ್ರೈಟ್ ಸ್ವಿಚ್ ಆಫ್, ಟ್ರೆಬಲ್ 3ಕ್ಕಿಳಿಸು, ಪೆಡಲಿನ ಟೋನೂ ಇಳಿಸು. ಅದು 120 ವ್ಯಾಟಿನ ಸಾಲಿಡ್ ಸ್ಟೇಟ್, ಎಷ್ಟು ಏರಿಸಿದ್ರೂ ಕ್ಲೀನಾಗೇ ಇರುತ್ತೆ. ಏರಿಸಿದ್ರೆ ಟೋನು ಬರುತ್ತೆ ಅನ್ನೋ ಟ್ಯೂಬಿನ ಲೆಕ್ಕ ಅಲ್ಲಿ ನಡೆಯಲ್ಲ.

ತಂತಿ ತಿಮ್ಮ

ಎಲ್ಲರಿಗೂ ವರದಿ. ಲೂಪ್ ಡಬ್ಬಿ ಮಾಡಿದೆ, ಎ100ಕೆನೇ. ಮಾಸ್ಟರ್ ಈಗ 4ರವರೆಗೂ ಹೋಗುತ್ತೆ, ಡಬ್ಬಿಯಲ್ಲಿ ಟಿವಿ ಮಟ್ಟಕ್ಕೆ ಇಳಿಸ್ತೀನಿ. ಟೋನು ಪೂರ್ತಿ ಬಿಟ್ಟ ಹಾಗಿಲ್ಲ, ಆದ್ರೆ ನಾಬು ಮುಟ್ಟೋಕೆ ಭಯ ಇಲ್ಲ. ಆಂಪು ಊಟದ ಮೇಜಿನ ಕುರ್ಚಿ ಏರಿದೆ, ಮನೆಯವರು ಒಂದು ಕುರ್ಚಿ ಕಮ್ಮಿಯಾಯ್ತು ಅಂತಿದಾರೆ. ಕೆಳಗಿನ ಮನೆ ಆಂಟಿ ಸಂಜೆ ಆರರಿಂದ ಏಳು ವಾಕಿಂಗ್ ಹೋಗ್ತಾರಂತೆ, ಆ ಹೊತ್ತು ನನ್ನದು.

ಆರ್ಕೆಸ್ಟ್ರಾಕ್ಕೆ ಸ್ನೇಹಿತರದ್ದೊಂದು ಮಲ್ಟಿ ಎಫೆಕ್ಟ್ಸ್ ಸಿಕ್ಕಿದೆ. ಮಾವ, ರಿಹರ್ಸಲ್ಲಲ್ಲಿ ಡಿಐಗೆ ಕೊಟ್ಟಾಗ ಗುಂಯ್ ಅಂತ ಹಮ್ ಬಂತು. ಜನರೇಟರ್ ಲೈನಲ್ಲಿದ್ವಿ. ಒಬ್ರು "ಪ್ಲಗ್ಗಿನ ಅರ್ಥ್ ಪಿನ್ ಕಿತ್ತಾಕು" ಅಂದ್ರು.

ಮಿಕ್ಸರ್ ಮಾವ

ಕೀಳ್ಬೇಡಿ! ಡಿಐ ಬಾಕ್ಸಿನ ಮೇಲೆ ಗ್ರೌಂಡ್ ಲಿಫ್ಟ್ ಅಂತ ಸಣ್ಣ ಸ್ವಿಚ್ ಇರುತ್ತೆ, ಹಮ್ ಬಂದ್ರೆ ಅದನ್ನ ಒತ್ತೋದು. ಅರ್ಥ್ ಪಿನ್ ಕಿತ್ತ ಆಂಪಿಗೆ ಗಿಟಾರ್ ಚುಚ್ಚಿ, ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದ್ರೆ ಹೊಡೆಯೋ ಶಾಕು ತಮಾಷೆಯಲ್ಲ, ಅದರಲ್ಲೂ ಮಳೆ ನೆನೆದ ಪೆಂಡಾಲಲ್ಲಿ. ಆಂಪು, ಪೆಡಲು, ಮಿಕ್ಸರು ಮೂರಕ್ಕೂ ಒಂದೇ ಡಿಸ್ಟ್ರಿಬ್ಯೂಶನ್ ಬೋರ್ಡಿಂದ ಲೈನ್ ಕೇಳಿ. ಲೈಟಿಂಗ್‌ನವರ ಬೋರ್ಡಿಂದ ಎಳೀಬೇಡಿ, ಡಿಮ್ಮರಿನ ಗುಂಯ್ ಎಲ್ಲಾ ನಿಮ್ಮ ಪಿಕಪ್ಪಲ್ಲಿ ಕೇಳುತ್ತೆ.

ಮಲ್ಟಿ ಎಫೆಕ್ಟ್ಸ್ ಔಟ್‌ಪುಟ್ ಮುಕ್ಕಾಲಿಗಿಡಿ. ಸೋಲೋ ಪ್ಯಾಚನ್ನ ಸೌಂಡ್ ಚೆಕ್ಕಲ್ಲೇ ಒಂದು ಸಲ ಒತ್ತಿ ತೋರಿಸಿ, ಮಧ್ಯ ಕಾರ್ಯಕ್ರಮದಲ್ಲಿ ನನ್ನ ಮೀಟರ್ ಕೆಂಪಾದ್ರೆ ನಾನೇ ಎಳೆದುಬಿಡ್ತೀನಿ. ಮಾನಿಟರಲ್ಲಿ ನಿಮ್ಮ ಗಿಟಾರ್ ಎಷ್ಟು ಬೇಕು ಅಂತ ಆಗಲೇ ಹೇಳಿ. ಹತ್ತಕ್ಕೆ ಮುಗಿಸ್ಬೇಕು, ಐದಕ್ಕೆಲ್ಲ ಬಂದುಬಿಡಿ.